ಹಗಲು ನಿದ್ದೆಗೊಂದು ಹೆಡ್‌ಫೋನ್

ರಾತ್ರಿಪಾಳಿ ಮುಗಿಸಿ ನೇರ ಬಂದಿದ್ದೆ,
ಬೆರಳಲ್ಲಿನ್ನೂ ಸ್ಪಿರಿಟ್ಟಿನ ವಾಸನೆ.
ಪಿ.ಬಿ. ರೋಡಿನ ಅಂಗಡಿಯ ಷಟರ್ ಅರ್ಧ ಎತ್ತಿದ್ದನಷ್ಟೇ
ಹುಡುಗ, ಎದೆಯ ಪಟ್ಟಿಯ ಮೇಲೆ ಹೆಸರು ಶಿವಯೋಗಿ.
ಊದಿನಕಡ್ಡಿ ಹಚ್ಚಲೂ ಬಿಡದೆ ಕೇಳಿದೆ:
ಹಾಡು ಕೇಳಿಸದಿದ್ದರೂ ನಡೆಯುತ್ತಪ್ಪ,
ಏನೂ ಕೇಳಿಸದ್ದು ಕೊಡು.

ಹೋದ ವಾರ ನಿದ್ದೆಗಣ್ಣಲ್ಲಿ
ಏಳನೇ ಮಂಚದ ಮಾತ್ರೆ ಒಂಬತ್ತಕ್ಕೆ ಒಯ್ದಿದ್ದೆ.
ಬಾಯಿಗೆ ಹಾಕುವ ಮುನ್ನ ಮುದುಕಿಯೇ ಅಂದಳು:
ಇದು ನಂದಲ್ಲವ್ವ, ನಂದು ಹಳದಿ.

ಅವನು ಮೂರು ಡಬ್ಬಿ ಇಳಿಸಿದ.
ಮೊದಲನೆಯದು ಕಿವಿಯ ಮೇಲೆ ಕೂತಿತೇ ಹೊರತು
ಕಿವಿಯನ್ನು ಒಳಗೆ ಕರೆದುಕೊಳ್ಳಲಿಲ್ಲ.
ಎರಡನೆಯದರ ಬಿಗಿ, ಬಿಪಿ ಪಟ್ಟಿಗೆ ಗಾಳಿ ತುಂಬಿದ ಹಾಗೆ;
ಎಷ್ಟು ತೋಳಿಗೆ ಕಟ್ಟಿದ್ದೇನೋ, ನನ್ನ ತಲೆಗೆ ಯಾರೂ ಕಟ್ಟಿರಲಿಲ್ಲ.
ಮೂರನೆಯದು ಮೆತ್ತಗೆ.
ಓಲೆ ಬಿಚ್ಚಿ ಕೌಂಟರಿನ ಮೇಲಿಟ್ಟೆ,
ಅವನು ಬಟ್ಟಲಂಚಿನ ಗುಂಡಿ ಒತ್ತಿದ.

ಹೋಯಿತು.
ಫ್ಯಾನು ಹೋಯಿತು. ಎದುರಿನ ಜೆರಾಕ್ಸು ಹೋಯಿತು.
ನಿಂತಲ್ಲೇ ಗುರುಗುಡುತ್ತಿದ್ದ ಹರಿಹರದ ಬಸ್ಸು
ನಿಂತಲ್ಲೇ ಹೋಯಿತು.
ಶಿವಯೋಗಿಯ ಬಾಯಿ ಮಾತ್ರ ಆಡುತ್ತಿತ್ತು,
ಗಂಟಲಿಗೆ ನಳಿಗೆ ಹಾಕಿದವರು ಆಡುವ ಹಾಗೆ.
ತುಟಿ ಓದುವುದು ನನಗೆ ಗೊತ್ತು. ಹೇಗಿದೆ, ಅಂದ.
ಚೆನ್ನಾಗಿದೆ ಅಂದೆ. ಜೋರಾಗಿಯೇ ಅಂದಿರಬೇಕು,
ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು.

ಹುಡುಗ ಸುಳ್ಳಾಡುವವನಲ್ಲ.
"ಗುಂಯ್ ಅನ್ನೋದನ್ನ ಪೂರಾ ತಿಂತದೆ ಮೇಡಂ,
ಟಣ್ ಅನ್ನೋದು ಸ್ವಲ್ಪ ನುಸುಳ್ತದೆ."

ಲೆಕ್ಕ ಹಾಕಿದೆ.
ಗುಂಯ್ ಅಂದರೆ ಮಂಡಕ್ಕಿ ಭಟ್ಟಿಗಳ ಬ್ಲೋಯರು,
ಎಳೆದಷ್ಟೂ ಮುಗಿಯದ ಗೂಡ್ಸು ರೈಲು,
ರೈಲ್ವೆ ಗೇಟಿಗೆ ಕಾದ ಆಟೋಗಳ ಹೊಟ್ಟೆಯುರಿ.
ಟಣ್ ಅಂದರೆ ಹಳೆ ಸೀರೆಗೆ ಪಾತ್ರೆ ಕೊಡುವವಳು,
ಮಹಡಿಮನೆಯ ಕುಟ್ಟಾಣಿ,
ಹಳೇ ಕಬ್ಬಿಣ ಹಳೇ ಪೇಪರ್ ಎಂದು ಒಂದೇ ಉಸಿರಲ್ಲಿ
ದಿನಕ್ಕೆ ನಾಲ್ಕು ಸಲ ಬರುವ ಮೈಕು.
ಎರಡಕ್ಕೂ ಸೇರದ್ದೊಂದು ಉಳಿಯಿತು: ನಲ್ಲಿ.

ನೀರು ಬರುವ ಮುಂಚೆ ಅದು ಉಬ್ಬಸದವರ ಹಾಗೆ ಎಳೆಯುತ್ತದೆ,
ಐದಾರು ದಿನಕ್ಕೊಮ್ಮೆ, ಹೊತ್ತುಗೊತ್ತಿಲ್ಲದೆ.
ಎಂಥ ನಿದ್ದೆಯಲ್ಲೂ ಆ ಉಸಿರಿಗೆ ಏಳುತ್ತೇನೆ.

"ನಲ್ಲಿ ಕೇಳಿಸಬೇಕು, ಉಳಿದದ್ದು ಬೇಡ. ಅಂಥದ್ದಿದೆಯಾ?"
ಶಿವಯೋಗಿ ತಲೆ ಕೆರೆದ.
"ಆ ಕಂಪನಿ ಇನ್ನೂ ಹುಟ್ಟಿಲ್ಲ ಮೇಡಂ."

ಆದರೂ ಕೊಂಡೆ, ಮೂರು ಕಂತಿನ ಮೇಲೆ.
ಓಲೆ ಕೌಂಟರಿನಲ್ಲೇ ಮರೆತು, ಅರ್ಧ ದಾರಿಯಿಂದ ವಾಪಸು.

ಉಪಾಯ ಪಕ್ಕದ ಮನೆಯ ಖಮರುನ್ನೀಸಾಳದು.
ಮಂಡಕ್ಕಿ ಚೀಲದ ಬಾಯಿ ಹೊಲಿಯುವ ಸುತಳಿ,
ಒಂದು ತುದಿ ನನ್ನ ಕಾಲಿನ ಹೆಬ್ಬೆರಳಿಗೆ,
ಇನ್ನೊಂದು ಕಿಟಕಿ ದಾಟಿ ಅವಳ ಒಲೆಯ ಪಕ್ಕದ ಮೊಳೆಗೆ.
"ನೀರ್ ಬಂದ್ರೆ ಜಗ್ತೀನಿ, ನೀ ಮಲ್ಕ."

ಅಂಗಾತ ಮಲಗಬೇಕು. ಮಗ್ಗುಲಾದರೆ ಬಟ್ಟಲು ಒತ್ತುತ್ತದೆ.
ಏಪ್ರಿಲ್ಲಿನಲ್ಲಿ ಕಿವಿಯೂ ಬೆವರುತ್ತದೆಂದು ಈಗ ತಿಳಿಯಿತು.
ಮೊದಲ ಹಗಲು, ಆ ಮೌನದೊಳಗೆ,
ಹನ್ನೊಂದನೇ ಮಂಚದ ಅಜ್ಜನ ಮಾನಿಟರು ಬಡಿಯತೊಡಗಿತು.
ದಡಬಡಿಸಿ ಎದ್ದು ಕೂತೆ.
ನನ್ನದೇ ನಾಡಿ.
ಗಡಿಯಾರ ನೋಡಿ ಎಣಿಸಿದೆ, ಎಪ್ಪತ್ತೆರಡು.
ಬರೆದುಕೊಳ್ಳಲು ಚಾರ್ಟು ಹುಡುಕಿ, ನಕ್ಕು, ಮಲಗಿದೆ.

ಇವತ್ತು ಮಧ್ಯಾಹ್ನ ಹೆಬ್ಬೆರಳು ಜಗ್ಗಿತು.
ಸುತಳಿ ಬಿಚ್ಚಿ, ಕೊಡ ಎತ್ತಿ ಓಡಿದೆ,
ಹೆಡ್‌ಫೋನ್ ಇನ್ನೂ ತಲೆಯ ಮೇಲೆಯೇ.
ನಲ್ಲಿ ಒಣಗಿತ್ತು.
ಖಮರುನ್ನೀಸಾ ಹೊಸಿಲಲ್ಲಿ ನಿಂತು ಏನೋ ಅನ್ನುತ್ತಿದ್ದಳು.
ತುಟಿ ಓದಿದೆ:
ನೀರಿಲ್ಲ.
ಮಂಡಕ್ಕಿ ಬಿಸಿ ಐತಿ, ಬಾ.