ಮೂಲೆಯ ಕೆಂಪು ಪಟ್ಟಿ

ಉಪ್ಪಳದಲ್ಲಿ ಸಫ್ವಾನನ ಗೇಮಿನಂಗಡಿಯ ಶಟರಿಗೆ
ಹೆಸರು ಬರೆಯಲು ಬಂದ ಅಪ್ಪ
ಮೊದಲ ಕೋಟು ಒಣಗುವವರೆಗೆ
ನನ್ನ ಕುರ್ಚಿಯ ಹಿಂದೆ ನಿಂತರು.

"ಎಂಥ ಅದು, ಮೂಲೆಯಲ್ಲಿ ಕೆಂಪು ಪಟ್ಟಿ?"
ಜೀವ, ಎಂದೆ. ಇಷ್ಟು ಉಳಿದಿದೆ.
"ಅವನಿಗೆ ಗೊತ್ತುಂಟಾ?"
ಇಲ್ಲ, ನಮಗೆ ಮಾತ್ರ.
ಗಾಜಿನ ಮೇಲೆ ಅಂಟಿಸಿದ ಹಾಗೆ. ಅವನ ಲೋಕದ್ದಲ್ಲ.
ಅಪ್ಪ ಲೊಚಗುಟ್ಟಿದರು:
"ಪಾಪ. ಸಾಯುವವನನ್ನು ಬಿಟ್ಟು ಊರಿಗೆಲ್ಲ ಗೊತ್ತು."

ಇನ್ನೊಂದು ಆಟ ಹಾಕಿದೆ. ಅದರಲ್ಲಿ ಪಟ್ಟಿಯಿಲ್ಲ.
ಗುಂಡಿನ ಲೆಕ್ಕ ಕೋವಿಯ ಹಿಡಿಯಲ್ಲೇ;
ದಾರಿ ಬೇಕೆಂದರೆ ಅವನೇ
ಕಿಸೆಯಿಂದ ನಕ್ಷೆ ತೆಗೆದು ಬಿಡಿಸಬೇಕು,
ಬಿಡಿಸುವಷ್ಟು ಹೊತ್ತು ವೈರಿ ಕಾಯುವುದಿಲ್ಲ.
"ಇದು ಸರಿ," ಅಂದರು.
"ಬೋರ್ಡು ಅಂದರೆ ಗೋಡೆಯಲ್ಲಿರಬೇಕು,
ಬಿಸಿಲಿಗೆ ಮಾಸಬೇಕು, ಆಡು ಬಂದು ಬೆನ್ನುಜ್ಜಬೇಕು."

ಮೂವತ್ತು ವರ್ಷ ಅವರು ಬರೆದದ್ದು ಹಾಗೆಯೇ.
ಹೊಸಂಗಡಿ, ಬಂದ್ಯೋಡು, ಕುಂಬಳೆ.
ಬಸ್ಸಿನ ಹಣೆಗೆ ಮಲಯಾಳ ಮೇಲೆ, ಕನ್ನಡ ಕೆಳಗೆ,
ಎರಡಕ್ಕೂ ಒಂದೇ ಡಬ್ಬಿಯ ಹಳದಿ.
ಜಾಗ ಸಾಲದಲ್ಲಿ ನಮ್ಮ ತಲೆಕಟ್ಟು
ಅದರ ಹೊಟ್ಟೆಗೆ ತಾಗುತ್ತಿತ್ತು. ಯಾರೂ ದೂರಿದ್ದಿಲ್ಲ.
ಮತ್ತೆ ಫ್ಲೆಕ್ಸು ಬಂತು, ಹೆದ್ದಾರಿ ಅಗಲವಾಯಿತು,
ಗೋಡೆಗಳೇ ಹೋದವು.
ಈಗ ದಾರಿ ಹೇಳುವವಳು ಫೋನಿನೊಳಗಿನ ಹೆಂಗಸು;
ಬಂದ್ಯೋಡು ಅವಳ ಬಾಯಲ್ಲಿ ಹಲ್ಲು ಮುರಿದುಕೊಳ್ಳುತ್ತದೆ.

ಸೆಟ್ಟಿಂಗಿನಲ್ಲಿ ಭಾಷೆಗಳ ಪಟ್ಟಿ ಕಂಡು
ಕನ್ನಡಕ ಸರಿಸಿ, ತಾವೇ ಮೌಸು ಹಿಡಿದು
ಕೊನೆಯವರೆಗೆ ಇಳಿದರು. ಹದಿನಾಲ್ಕು.
ಮೇಲಿನದೂ ಇಲ್ಲ, ಕೆಳಗಿನದೂ ಇಲ್ಲ.
"ಬರೆಯುವವ ಸಿಕ್ಕಿರಲಿಕ್ಕಿಲ್ಲ" ಅಂದರು,
ಸಿಟ್ಟೇನೂ ಇಲ್ಲದೆ.

ಅಷ್ಟರಲ್ಲಿ ನನ್ನವನಿಗೆ ಪೆಟ್ಟು ಬಿತ್ತು.
ಪರದೆ ಬಿರಿದು ಅಂಚಿನಿಂದ ನೆತ್ತರು ಇಳಿಯಿತು.
ಅಪ್ಪ ಹೆಗಲ ಬೈರಾಸು ತೆಗೆದು
ಒರೆಸಲು ಬಗ್ಗಿಯೇಬಿಟ್ಟರು.
ಸಫ್ವಾನ್ ನಕ್ಕ. ನಾನೂ ನಕ್ಕೆ.
ಅವರ ಕೈ ಗಾಜಿನ ಮೇಲೆ ಒಂದು ಕ್ಷಣ ಹಾಗೇ ಇತ್ತು.

ಹೊರಗೆ ಶಟರು ಒಣಗಿತ್ತು.
ಕೆಳಮೂಲೆಯಲ್ಲಿ ಎಂದಿನಂತೆ ಕೆಂಪಿನಲ್ಲಿ, ಸಣ್ಣದಾಗಿ:
ಐತಪ್ಪ ಆರ್ಟ್ಸ್.
ಮೇಲೆ 'ಗೇಮ್ಸ್'ನ ದೀರ್ಘ ಎಳೆದಲ್ಲಿ
ಗೆರೆ ನಡುಗಿದೆ, ಕೂದಲೆಳೆಯಷ್ಟು.
ಹೋದ ವರ್ಷ ಬರೆದ ಮೀನಂಗಡಿಯ ಬೋರ್ಡಿನಲ್ಲಿ
ಇದು ಇರಲಿಲ್ಲ. ಎದುರಿಗೇ ಇದೆ, ನೋಡಿದೆ.

ಅವರಿಗೆ ಗೊತ್ತುಂಟಾ,
ಕೇಳಲಿಲ್ಲ.
ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಿಂಡಿ,
ಆ ದೀರ್ಘದ ಮೇಲೆಯೇ
ಇನ್ನೊಮ್ಮೆ ಎಳೆದರು,
ದಪ್ಪಕ್ಕೆ.