ರಣಧವಳ ಸಾಯುವ ಸೀನು

ಸಾಯಪ್ಪ, ಸಾಯಿ, ಬೇಗ.
ಗಂಟೆ ನಾಲ್ಕೂ ಕಾಲು. ಮದ್ದೂರಿನ ಸಂತೆಮಾಳದ ಶಾಮಿಯಾನದಡಿ
ಮುಕ್ಕಾಲು ಪಾಲು ಕುರ್ಚಿಗಳು ಟವಲು ಹೊದ್ದು ಮಲಗಿವೆ.
ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಬಿಡದೆ ತೂಕಡಿಸುತ್ತಿದ್ದಾರೆ.
ನೀನು ಮಾತ್ರ
ಎದೆಗೆ ಬಾಣ ನೆಟ್ಟ ನಲವತ್ತನೇ ನಿಮಿಷದಲ್ಲೂ
ಒಂದು ಕೈ ಊರಿ ಎದ್ದು
ಇನ್ನೊಂದು ಕಂದಕ್ಕೆ ಉಸಿರು ಹಿಡಿಯುತ್ತೀ.

ನಿನ್ನನ್ನು ಬಲ್ಲೆ.
ಮೈಸೂರಿನಲ್ಲಿ, ಹಳಗನ್ನಡದ ತರಗತಿಯಲ್ಲಿ, ಮಧ್ಯಾಹ್ನ ಎರಡಕ್ಕೆ,
ಸಿದ್ಧವೀರಾರಾಧ್ಯರು ಕನ್ನಡಕ ತೆಗೆದು ನಿನಗಾಗಿ ಅತ್ತರು.
ಮುಂದಿನ ಬೆಂಚಿನಲ್ಲಿ ನಾನೂ.
ಬೇಡಿದವರಿಗೆ ಇಲ್ಲವೆನ್ನೆನೆಂದು ಮಾತು ಕೊಟ್ಟು
ವೈರಿ ಬಂದು ಬೇಡಿದಾಗ
ಕೋಟೆಯ ಬಾಗಿಲನ್ನೇ ತೆಗೆಸಿದವನು ನೀನು.
'ಎಂಥ ಬೆಳ್ಪು ಕಣಯ್ಯಾ!' ಎಂದರು ಗುರುಗಳು.
ಆ ವರ್ಷ ನಾನು ಮೀಸೆ ಬಿಟ್ಟೆ.

ಆಮೇಲೆ ಸಿಗರೇಟು ಕಲಿತೆ, ಪ್ರಾಸ ಬಿಟ್ಟೆ.
ದೇವರಾಜ ಮಾರ್ಕೆಟ್ಟಿನ ಹಿಂದೆ ಎರಡು ಕಾಫಿಗೆ ನಾಲ್ವರು ಕೂತು
ನಿನ್ನನ್ನು ಆನೆಯ ಮೇಲಿಂದ ಇಳಿಸಿದೆವು.
ಇಳಿದ ಮೇಲೂ ನೀನು ನಮಗಿಂತ ಎತ್ತರವಿದ್ದೆ.
ಸಿಟ್ಟು ಬಂದದ್ದು ಅದಕ್ಕೇ ಇರಬಹುದು.

ಇರಲಿ, ಲೆಕ್ಕ ಹೇಳು:
ಬಾಗಿಲು ತೆಗೆದ ರಾತ್ರಿ ಒಳಗೆ ಮಲಗಿದ್ದವರು ಎಷ್ಟು?
ಕಾವ್ಯ ಹೇಳುವುದಿಲ್ಲ.
ಕಾವ್ಯಕ್ಕೆ ನಿನ್ನ ಕುದುರೆಯ ಹೆಸರು ಗೊತ್ತು,
ಅದರ ಬಣ್ಣಕ್ಕೆ ಏಳು ಉಪಮೆ ಗೊತ್ತು.
ಅಗುಳಿ ಎಳೆದವನ ಕೈ ನಡುಗಿತೋ ಇಲ್ಲವೋ
ಗೊತ್ತಿಲ್ಲ.
ಮಾತು ನಿನ್ನದು, ಕತ್ತು ಅವರದು.

ವಿಧಿಯಂತೆ, ವಿಧಿ!
ಮಂತ್ರಿ ಮೂರು ಸಲ ಬೇಡವೆಂದ. ಪಟ್ಟದರಸಿ ಒಂದು ಸಲ.
ಅವಳಿಗೆ ಕವಿ ಕೊಟ್ಟಿದ್ದೇ ಒಂದು ಪದ್ಯ,
ಅದರಲ್ಲೂ ಅರ್ಧ ಅವಳ ಕಣ್ಣಿನ ವರ್ಣನೆ.
ಕೊಟ್ಟ ಮಾತು ನುಂಗಿ, ಕೆಮ್ಮಿ, ನೀರು ಕುಡಿದು,
ಮರುದಿನ ಬೀದಿಯಲ್ಲಿ ಮುಖ ತೋರಿಸುವುದು
ನಮ್ಮಲ್ಲಿ ಎಲ್ಲರಿಗೂ ಬರುತ್ತದೆ.
ನಿನಗೊಬ್ಬನಿಗೆ ಬರಲಿಲ್ಲ.
ಅದಕ್ಕೆ ದುರಂತವೆಂದು ಹೆಸರಿಟ್ಟರು.

ಪಟ್ಟದರಸಿ ಈಗ ಸೈಡ್ ವಿಂಗಿನಲ್ಲಿ, ಟ್ರಂಕಿನ ಮೇಲೆ.
ಹೆಸರು ಚಂದ್ರಪ್ರಭಾ. ಮೈಸೂರು, ಮೇಟಗಳ್ಳಿ. ರಾತ್ರಿಗೆ ಮೂರೂವರೆ ಸಾವಿರ.
ಈ ವಾರ ಅವಳಿಗಿದು ನಾಲ್ಕನೇ ವೈಧವ್ಯ.
ಕಿರೀಟ ಕಳಚಿ ಮೊಣಕಾಲ ಮೇಲಿಟ್ಟು, ಟೀಗೆ ಬಿಸ್ಕತ್ತು ಅದ್ದುತ್ತಾ
'ಎಷ್ಟೊತ್ತು ಸಾಯ್ತಾರೆ ಸಾರ್ ಇವ್ರು,
ಐದೂ ಕಾಲಿನ ಪ್ಯಾಸೆಂಜರ್ ತಪ್ಪೋದ್ರೆ
ಮಗೂಗೆ ಡಬ್ಬಿ ಕಟ್ಟೋರ್ಯಾರು?'
ಎನ್ನುತ್ತಾಳೆ ನನ್ನ ಕಡೆ ತಿರುಗಿ.
ಮೂವತ್ತು ಪುಟದ ಲೇಖನದಲ್ಲಿ ನಾನು ಹೇಳಿದ್ದೂ ಇಷ್ಟೇ,
ಅಡಿಟಿಪ್ಪಣಿ ಸಮೇತ.

ಪದ್ಯ ಇಲ್ಲಿಗೆ ಮುಗಿದಿದ್ದರೆ ನನಗೆ ಒಳ್ಳೆಯದಿತ್ತು.

ಆದರೆ ನಿನ್ನ ಬೆಗಡೆ ಕಿರೀಟದ ಕೆಳಗೆ ಬೆವರುತ್ತಿರುವವನು
ಸಕ್ಕರೆ ಫ್ಯಾಕ್ಟರಿಯ ವೇಬ್ರಿಡ್ಜಿನ ಬೋರಲಿಂಗಯ್ಯ.
ಇಪ್ಪತ್ತೆರಡು ವರ್ಷ ಕಬ್ಬಿನ ಗಾಡಿಗಳ ತೂಕ ಬರೆದವನು.
ಒಳಗಿನಿಂದ ಫೋನು ಬಂದ ದಿನ
ಐವತ್ತು ಕಿಲೋ ಕಮ್ಮಿ ಬರೆದು, ತಲೆ ತಗ್ಗಿಸಿ
'ಮುಂದೆ ಬಿಡಪ್ಪಾ ಗಾಡಿ' ಎಂದವನು.
ಸಾಲದ್ದಕ್ಕೆ ಹದಿನೆಂಟು ಸಾವಿರ ಕಟ್ಟಿ ಈ ಪಾರ್ಟು ಹಿಡಿದಿದ್ದಾನೆ.
ಅವನು ನುಂಗಿದ್ದೆಲ್ಲ
ಇವತ್ತು ಕಂದವಾಗಿ ಮೇಲೆ ಬರುತ್ತಿದೆಯೋ ಏನೋ.
ಸ್ವರ ಒಡೆದಿದೆ. ತಾಳ ಬಿಟ್ಟುಹೋಗಿದೆ.
ನನ್ನ ಗಂಟಲಲ್ಲಿ ಏನೋ
(ಸಿಗರೇಟಿನದು).

ಮಲಗಿದ್ದವನೊಬ್ಬ ಟವಲು ಸರಿಸಿ ಕೂಗಿದ: 'ಒನ್ಸ್ ಮೋರ್!'
ನೀನು ಬಾಣ ಕಿತ್ತು, ಒರೆಸಿ,
ಮತ್ತೆ ಕಂಕುಳಿಗೆ ಸಿಕ್ಕಿಸಿಕೊಂಡೆ.

ಅರಸಿ ಚಪ್ಪಲಿ ಮೆಟ್ಟಿಕೊಂಡೇ ರಂಗಕ್ಕೆ ಬಂದಳು.
ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡು
ಅಂಗೈಯಲ್ಲಿ ಮೈಕು ಮುಚ್ಚಿ, ಬಾಗಿ,
ಕಿವಿಯಲ್ಲಿ ಏನೋ ಹೇಳಿದಳು,
ಕಾವ್ಯದಲ್ಲಿಲ್ಲದ್ದು.
ಮೂರು ಮಾರು ದೂರದಲ್ಲೇ ನಿಂತಿದ್ದೆ,
ನನಗೆ ಕೇಳಲಿಲ್ಲ.

ರಣಧವಳ ತಟ್ಟನೆ ಸತ್ತ.
ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು.