ದಂತದ ಕೆಲಸ

ದುರ್ಗಿಗುಡಿಯಲ್ಲಿ, ಔಷಧಿ ಅಂಗಡಿಯ ಮೇಲೆ,
ಹದಿನಾಲ್ಕು ಮೆಟ್ಟಿಲು ಹತ್ತಿದರೆ ಡಾಕ್ಟರ್ ನಾಜ್ನೀನ್.
ಸಾಗರದಿಂದ ಬೆಳಗಿನ ಬಸ್ಸು, ಒಂಬತ್ತಕ್ಕೆ ಟೋಕನ್ನು.
ಆನಂದಪುರದ ತಿರುವಿನಲ್ಲಿ ಬೈಕು ಜಾರಿ
ಮೇಲಿನ ಮುಂದಿನ ಹಲ್ಲೊಂದು ರಸ್ತೆಗೆ ಹೋಗಿತ್ತು.
ಹುಡುಕಿದೆ. ಜಲ್ಲಿಯೂ ಹಲ್ಲೂ
ಒಂದೇ ಬಣ್ಣ ಅಲ್ಲಿ.

ಆಮೇಲೆ ತ, ದ, ಸ ಯಾವುದೂ ನನ್ನ ಮಾತು ಕೇಳಲಿಲ್ಲ.
ಮೊಮ್ಮಗನ ಹೆಸರು ದೇವದತ್ತ;
ಕರೆದರೆ ಗಾಳಿಯೇ ಮುಂದೆ ಹೋಗುತ್ತಿತ್ತು.

ಸಕ್ಕರೆ ಇಳಿಸಿ ಬನ್ನಿ ಅಂತ ಎರಡು ತಿಂಗಳು ತಿರುಗಿಸಿದರು.
ಆಮೇಲೆ ಯಂತ್ರವೊಂದು ತಲೆಗೆ ಪ್ರದಕ್ಷಿಣೆ ಬಂದು
ದವಡೆಯನ್ನು ಪರದೆಯ ಮೇಲೆ ನಿಲ್ಲಿಸಿತು:
ಇಲ್ಲಿ ಮೂಳೆ ದಪ್ಪ, ಇಲ್ಲಿ ತೆಳು, ಇದರ ಮೇಲೆ ಮೂಗಿನ ನೆಲ.
ಶಿವನೆಯ ತುಂಡನ್ನು ನಾನೂ ಹೀಗೇ ತಿರುಗಿಸಿ ನೋಡುವುದು,
ಎಳೆ ಯಾವ ಕಡೆ, ಗಂಟು ಎಲ್ಲಿ ಅಂತ.
ಆದರೆ ಕೊಯ್ಯದೆ ಒಳಗು ಕಾಣುವುದಿಲ್ಲ ನನಗೆ.
ಸ್ವಲ್ಪ ಹೊಟ್ಟೆಕಿಚ್ಚಾಯಿತು.

ತೂತಿನ ಜಾಗ, ಓರೆ, ಆಳ ಮೊದಲೇ ಗೊತ್ತುಮಾಡಿ
ಒಂದು ಅಚ್ಚನ್ನು ಪ್ರಿಂಟ್ ಮಾಡಿಸಿದ್ದರು.
ಹಲ್ಲುಗಳಿಗೆ ಟೋಪಿಯ ಹಾಗೆ ಕೂರಿಸಿ
ಅದರ ಕಣ್ಣಿನೊಳಗಿಂದಲೇ ಬೈರಿಗೆ ಇಳಿಸಿದರು.
ನೀರು ಸುರಿಯುತ್ತಲೇ ಇತ್ತು; ಮೂಳೆ ಕಾದರೆ ಸಾಯುತ್ತದಂತೆ.
ಮರವೂ ಹಾಗೇ ಎನ್ನಬೇಕೆಂದಿದ್ದೆ.
ಬಾಯಿ ತೆರೆದಿತ್ತು, ಮಾತಿಗಲ್ಲ.

ಟೈಟಾನಿಯಂ ತಿರುಪು ಒಳಗಿಟ್ಟು ಒಸಡು ಹೊಲಿದರು.
ಕೆಲವರಿಗೆ ಅದೇ ದಿನ ಹಲ್ಲು ಕೂರಿಸಿ ಕಳಿಸುತ್ತಾರಂತೆ;
ಸಕ್ಕರೆಯವನಿಗೆ ಅವಸರ ಬೇಡ.
ಮೂಳೆ ಅದನ್ನು ಪರಕೀಯ ಅಂತ ಎಣಿಸದೆ
ಮೆಲ್ಲಗೆ ಸುತ್ತ ಬೆಳೆದು ಹಿಡಿಯಬೇಕು.
‘ಹಲ್ಲಿದ್ದಾಗ ಕಡಲೆ...’ ಅಂತ ಕಂಪೌಂಡರ್ ಶುರುಮಾಡಿದ.
ಬಸ್ಸಿನಲ್ಲೂ ಒಬ್ಬ ಅದನ್ನೇ ಹೇಳಿದ್ದ.

ಮೂರು ತಿಂಗಳಿಗೆ ತಿರುಪಿನ ತಲೆಗೆ ಸಣ್ಣ ಕಡ್ಡಿ ಸಿಕ್ಕಿಸಿ
ಪೆನ್ನಿನಂಥದ್ದು ಹತ್ತಿರ ತಂದರು. ಮುಟ್ಟಿಸಲಿಲ್ಲ.
ಅದು ಏನನ್ನೋ ಕೇಳಿಸಿಕೊಂಡು
ಎಪ್ಪತ್ತೆರಡು ಅಂದಿತು.
ಚೆನ್ನಾಗಿ ಕಚ್ಚಿದೆ ಅಂದರು ಡಾಕ್ಟರ್.
ಬೆರಳ ಗೆಣ್ಣಿನಿಂದ ಮರ ತಟ್ಟಿ ಕೇಳುವವನು ನಾನು.
ಆ ಸದ್ದಿಗೆ ಅಂಕಿ ಇದ್ದೀತೆಂದು
ನಲವತ್ತು ವರ್ಷದಲ್ಲಿ ಹೊಳೆದಿರಲಿಲ್ಲ.

ಮನೆಯಲ್ಲಿ ಅಜ್ಜನ ಉಳಿಗಳಿವೆ, ದಬ್ಬಣದಷ್ಟು ಸಣ್ಣವು,
ಗಂಧಕ್ಕಲ್ಲ, ದಂತಕ್ಕೆ.
ಕಾನೂನು ಬಂದಾಗ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟದ್ದು.
ಆನೆಯ ಹಲ್ಲಿನಲ್ಲಿ ಗಣಪತಿ ಕೆತ್ತಿದ ಮನೆ,
ಅದೂ ಒಂದು ದಂತ ಮುರಿದ ಗಣಪತಿ.
ಆನೆಗೆ ಯಾರೂ ಟೋಕನ್ ಕೊಟ್ಟು ಕೂರಿಸಲಿಲ್ಲ.

ಹಿಂದಿನ ಕೋಣೆಯಲ್ಲಿ ಕ್ಲೆಮೆಂಟ್ ಅಂತ ಹುಡುಗ.
ಅವನ ಯಂತ್ರ ಜಿರ್ಕೋನಿಯಾ ಬಿಲ್ಲೆಯಿಂದ
ನನ್ನ ಹಲ್ಲನ್ನು ಕಡೆದು ತೆಗೆದಿತ್ತು.
ತಪ್ಪು ಹುಡುಕಿದೆ, ಸಿಗಲಿಲ್ಲ.
ಬಣ್ಣದ ಕುಂಚ ಮಾತ್ರ ಇನ್ನೂ ಮನುಷ್ಯನ ಕೈಯಲ್ಲೇ ಇತ್ತು.
ಹೇಳಿದೆ: ಪಕ್ಕದ ಹಲ್ಲಿಗೆ ಅರವತ್ತೆರಡು, ಇದಕ್ಕೆ ಹದಿನೆಂಟು.
ಬುಡಕ್ಕೆ ಹಳದಿ ಬೇಕು, ನಡುವೆ ಉದ್ದಕ್ಕೊಂದು ಬೂದುಗೆರೆ,
ತುದಿಯಲ್ಲೊಂದು ಕಚ್ಚು.
ಎರಡೂ ಕೈ ಕೆಲಸದಲ್ಲಿದ್ದಾಗ
ಚಿಕ್ಕ ಉಳಿಯನ್ನು ಅಲ್ಲೇ ಹಿಡಿಯುತ್ತಿದ್ದೆ.

‘ಕಚ್ಚು ಬೇಡ, ಡಾಕ್ಟರ್ ಬಯ್ತಾರೆ,’ ಅಂದ.
ಆಚೀಚೆ ನೋಡಿ ಕುಂಚವನ್ನು ನನಗೆ ಕೊಟ್ಟ.
ಉಸಿರು ಹಿಡಿದು ಗೆರೆ ಎಳೆದೆ.
ಕುಲುಮೆಯ ಬಾಗಿಲು ಮುಚ್ಚಿತು.

ಕೂರಿಸಿಕೊಂಡ ಸಂಜೆ ಬಸ್‌ಸ್ಟ್ಯಾಂಡಿನಿಂದ ಫೋನ್ ಮಾಡಿದೆ.
ದೇವದತ್ತ, ಅಂದೆ, ಪೂರ್ತಿಯಾಗಿ, ಒತ್ತಕ್ಷರ ಸಮೇತ.
ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.
‘ಯಾರು ಮಾತಾಡೋದು?’